ಹೀರಾಬಾಯಿಯ ಸೊಲ್ಲು

“ಅಕ್ಕಾ, ನೀವು ಹೇಳಿದಂಗ ಅವ್ವನ ದನಿ ತಗದು ಹಾಕೇನ್ರಿ. ಈಗ ಹಾಡು ಸ್ವಚ್ಛ ಆಗ್ಯಾದ. ನಿಮ್ಮ ಉಪಕಾರ ಭಾಳ ಆತ್ರಿ.”

ಔರಾದ ಆಚೆಯ ಹಳ್ಳಿಯಿಂದ ಆರತಿ ಎಂಬ ಹುಡುಗಿ ಫೋನಿನಲ್ಲಿ ಕಳಿಸಿದ ಮಾತು ಇದು. ಬೀದರದ ಮೈಲೂರಿನ ತನ್ನ ಅಡುಗೆಮನೆಯಲ್ಲಿ ನಿಂತು ಮಂಜಿರಿ ಅದನ್ನು ಕೇಳಿದಳು. ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾಯುತ್ತಿತ್ತು. ಸಾಸಿವೆ ಡಬ್ಬಿ ಕೈಯಲ್ಲೇ ಇತ್ತು, ಹಾಕಬೇಕೆಂಬುದು ಮರೆತುಹೋಯಿತು. ಆ ಹುಡುಗಿ ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಜಗಳಕ್ಕೆ ಬಂದಿದ್ದರೆ ಮಂಜಿರಿಯೂ ಸೆರಗು ಸಿಕ್ಕಿಸಿ ನಿಲ್ಲುವ ಪೈಕಿಯೇ. ಉಪಕಾರ ಆಯಿತು ಅಂದವರಿಗೆ ಏನು ಹೇಳುವುದು?

“ಏನೋ ಸುಡ್ಲತ್ತದ ನೋಡು,” ಎಂದು ಪಡಸಾಲೆಯಿಂದ ಗಂಡ ಪರಾಗ ಕೂಗಿದ.

“ಏನಿಲ್ರಿ,” ಎಂದಳು ಮಂಜಿರಿ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿ ಮನೆಯೆಲ್ಲ ಘಾಟು ತುಂಬಿತ್ತು.

ಮಂಜಿರಿ ಹಾಡು ಬರೆಯುತ್ತಾಳೆ, ತಾನೇ ರಾಗ ಹಾಕುತ್ತಾಳೆ, ಮಲಗುವ ಕೋಣೆಯ ನಾಲ್ಕೂ ಗೋಡೆಗೆ ಕೌದಿ ಇಳಿಬಿಟ್ಟು, ಹೊರಗಿನ ಗದ್ದಲ ಒಳಗೆ ಬಾರದಂತೆ ಮಾಡಿಕೊಂಡು ತಾನೇ ಹಾಡಿ ಫೋನಿನಲ್ಲಿ ಹಿಡಿಯುತ್ತಾಳೆ. ಅವಳಂಥವರದೇ ಒಂದು ಗುಂಪು ಫೋನಿನಲ್ಲಿದೆ. ‘ಹಾಡುಕಟ್ಟೆ’ ಎಂದು ಹೆಸರು. ಆಟೋ ಓಡಿಸುವವರು, ಸಾಲಿ ಮಾಸ್ತರರು, ನರ್ಸಮ್ಮಗಳು, ಕೆಲಸ ಹುಡುಕುತ್ತಿರುವವರು ಎಲ್ಲ ಅದರಲ್ಲಿದ್ದಾರೆ. ಯಾರಿಗೂ ಯಾವ ಸಿನಿಮಾದಿಂದಲೂ ಕರೆ ಬಂದಿಲ್ಲ. ಒಬ್ಬರ ಹಾಡಿಗೆ ಇನ್ನೊಬ್ಬರು ‘ಭಾಳ ಛಲೋ ಅದರಿ’ ಅನ್ನುವುದೇ ಅಲ್ಲಿಯ ದೊಡ್ಡ ಗಳಿಕೆ.

ಗುಂಪು ನಡೆಸುವವನು ಭಾಲ್ಕಿಯ ಆಶೀಷ. ಅವರ ಮನೆಯದು ತೊಗರಿ ವ್ಯಾಪಾರ. ಅಂಗಡಿಯ ಅಟ್ಟದಲ್ಲಿ ಚೀಲ ಒಟ್ಟುತ್ತಿದ್ದ ಕೋಣೆಯನ್ನು ಅಪ್ಪನ ಕೈಕಾಲು ಹಿಡಿದು ಇಸಿದುಕೊಂಡು ಸ್ಟುಡಿಯೋ ಮಾಡಿದ್ದಾನೆ. ತಿಂಗಳಿಗೊಮ್ಮೆ ಗುಂಪಿನವರು ಮತ ಹಾಕಿ ಒಂದು ಹಾಡು ಆರಿಸುತ್ತಾರೆ. ಆ ಹಾಡನ್ನು ಭಾಲ್ಕಿಯಲ್ಲಿ ಚೊಕ್ಕ ಮಾಡಿ ಹಿಡಿದು, ಊರಿಗೆಲ್ಲ ಕೇಳುವಂತೆ ಗುಂಪಿನ ಚಾನೆಲ್ಲಿನಲ್ಲಿ ಬಿಡುತ್ತಾರೆ. ಬಿಡುವಿದ್ದವರೆಲ್ಲ ಬಸ್ಸು ಹತ್ತಿ ಬಂದು ಚಪ್ಪಾಳೆಗೋ ಹಿಮ್ಮೇಳಕ್ಕೋ ನಿಲ್ಲುವುದು ಪದ್ಧತಿ.

ಇನ್ನೊಂದು ಪದ್ಧತಿ ಇದೆ, ಎಲ್ಲ ಎಡವಟ್ಟಿಗೂ ಅದೇ ಮೂಲ. ಹೊಸ ಹಾಡು ನೇರವಾಗಿ ಗುಂಪಿಗೆ ಬರುವಂತಿಲ್ಲ. ಮೊದಲು ಒಬ್ಬ ಅನುಭವಸ್ಥರಿಗೆ ಹೋಗಬೇಕು. ಅವರಿಗೆ ಆ ಹಾಡಿನ ‘ಕಿವಿ’ ಎನ್ನುತ್ತಾರೆ. ಕಿವಿಯಾದವರು ಮುಲಾಜಿಲ್ಲದೆ ತಪ್ಪು ಹೇಳಬೇಕು, ಹಾಡಿದವರು ತಿದ್ದಿ ಮತ್ತೆ ಹಾಡಬೇಕು, ಮೊದಲಿನದನ್ನು ಇಬ್ಬರೂ ಅಳಿಸಿಬಿಡಬೇಕು. ಹಿಂದೆ ಒಂದೇ ಹಾಡನ್ನು ನಾಲ್ಕು ನಮೂನೆ ಹಾಕಿ, ಯಾವುದಕ್ಕೆ ಮತ ಬಿತ್ತು ಎಂದು ಕಚ್ಚಾಡಿದ ಮೇಲೆ ಆಶೀಷ ತಂದ ನೇಮ ಅದು. ಹಾಡಿದವರಿಗೂ ಕಿವಿಗೂ ನಡುವೆ ಏನು ಮಾತಾಯಿತೆಂದು ಮೂರನೆಯವರು ಕೇಳುವುದಿಲ್ಲ.

ಮಂಜಿರಿಯಂಥ ಕಿವಿ ಗುಂಪಿನಲ್ಲಿ ಇನ್ನೊಂದಿರಲಿಲ್ಲ. ಚಿಕ್ಕಂದಿನಿಂದ ಮರಾಠಿ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸಿದ ಕಿವಿ. ಕೂದಲೆಳೆಯಷ್ಟು ಶ್ರುತಿ ಸರಿದರೂ ಹಿಡಿಯುತ್ತಿದ್ದಳು. ಆದರೆ ಊರಿಗೆಲ್ಲ ಕಿವಿಯಾದವಳ ಹಾಡು ಒಮ್ಮೆಯೂ ಭಾಲ್ಕಿಯ ಅಟ್ಟ ಹತ್ತಿರಲಿಲ್ಲ. ಅವಳ ಹಾಡು ಸರಿಯಾಗಿರುತ್ತಿತ್ತು. ಸರಿಯಾಗಿರುವುದು ಬಿಟ್ಟರೆ ಅದರಲ್ಲಿ ಮತ್ತೇನೂ ಇರುತ್ತಿರಲಿಲ್ಲ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟು ಒಳ್ಳೆಯ ಕಿವಿ ಇದ್ದವಳಿಗೆ ಅದೂ ಕೇಳಿಸುತ್ತಿತ್ತು.

ಆ ತಿಂಗಳು ಮಾತ್ರ ಅವಳಿಗೊಂದು ಆಸೆ ಹುಟ್ಟಿತ್ತು. ಸಂಜೆ ಹೊತ್ತು ಮೈಲೂರಿನ ಓಣಿಯಲ್ಲಿ ಒಂದೊಂದು ಮನೆಯಿಂದ ಕುಕ್ಕರು ಸೀಟಿ ಹೊಡೆಯುತ್ತದಲ್ಲ, ಆ ಸೀಟಿಗಳ ಮೇಲೊಂದು ಹಾಡು ಕಟ್ಟಿದ್ದಳು. ಆಶೀಷ ಫೋನು ಮಾಡಿ, “ಮಂಜಿರಿ ಅಕ್ಕಾ, ಈ ಸಲ ನಿಮ್ದೇ ಅಂತ ಕಾಣ್ತದರಿ,” ಎಂದಿದ್ದ. ಅವಳು ಬಾಯಲ್ಲಿ “ಹೋಗೋ ಮಾರಾಯಾ” ಅಂದರೂ, ಭಾಲ್ಕಿಗೆ ಹೋಗುವ ದಿನ ಉಡಬೇಕಾದ ಸೀರೆಯನ್ನು ಮನಸ್ಸಿನಲ್ಲೇ ಆರಿಸಿಟ್ಟಿದ್ದಳು. ಅಷ್ಟರಲ್ಲಿ ಆರತಿಯ ಹಾಡು ಬಂತು. ಆಶೀಷನೇ ಅವಳಿಗೆ ಮಂಜಿರಿಯ ನಂಬರು ಕೊಟ್ಟಿದ್ದ. ಹೊಸ ಹುಡುಗಿ, ನೀವೇ ಕಿವಿಯಾಗ್ರಿ ಎಂದಿದ್ದ.

ತನ್ನ ಹಾಡೂ ಅದೇ ಸ್ಪರ್ಧೆಯಲ್ಲಿರುವಾಗ ಒಲ್ಲೆ ಅನ್ನಬೇಕಿತ್ತು. ನೇಮದಲ್ಲಿ ಹಾಗೆಂದು ಬರೆದಿರಲಿಲ್ಲ, ಬುದ್ಧಿಯಲ್ಲಿ ಬರೆದಿತ್ತು. ಮಂಜಿರಿ ಒಲ್ಲೆ ಅನ್ನಲಿಲ್ಲ.

ಆರತಿಯದು ಕುರಿ ಕಾಯುವ ಮನೆ. ಔರಾದದಲ್ಲಿ ಬಿ.ಎ. ಮುಗಿಸಿ ಊರಿನಲ್ಲಿದ್ದಳು. ನೆಟ್‌ವರ್ಕು ಸಿಗುವ ದಿಬ್ಬದ ಮೇಲೆ ಕೂತು ಹಾಡು ಹಿಡಿದಿದ್ದಳು. ಗಾಳಿಯ ಸಪ್ಪಳ, ದೂರದಲ್ಲೊಂದು ಮರಿಯ ಕೂಗು, ಆಮೇಲೆ ಅವಳ ದನಿ:

“ಬಿಸಲು ಬಂದು ಬಾಜೂಕ ಕುಂತು ನೀರು ಕೇಳೀತ...
ಇದ್ದ ಒಂದ ಗುಟುಕ ನೀರ ಯಾರಿಗ ಕೊಡಲೇ...”

ಹುಡುಗಿಯ ದನಿ ಚೆನ್ನಾಗಿತ್ತು, ಅಷ್ಟೇ. ಆದರೆ ಸಾಲು ಮುಗಿದು ಇನ್ನೇನು ಮುಂದಿನದು ಶುರುವಾಗಬೇಕು ಅನ್ನುವಾಗ, ಹಿಂದಿನಿಂದ ಇನ್ನೊಂದು ದನಿ ಬರುತ್ತಿತ್ತು. ವಯಸ್ಸಾದ ಹೆಂಗಸಿನ ಒಡಕು ದನಿ. “ಕೇಳೀತ...” ಎಂದು ಸಾಲಿನ ಕೊನೆಯ ಸೊಲ್ಲು ಹಿಡಿಯುತ್ತಿತ್ತು. ಅರ್ಧ ತಾಳ ತಡವಾಗಿ, ಶ್ರುತಿಗಿಂತ ತುಸು ಕೆಳಗೆ, ಅವಸರವೇ ಇಲ್ಲದೆ. “ಕೊಡಲೇ...” ಎಂದು ಬಂದಾಗ ಮಂಜಿರಿ ಮಂಚದ ಅಂಚಿಗೆ ಕೂತುಬಿಟ್ಟಳು. ಮೈಮೇಲೆ ಮುಳ್ಳೆದ್ದಿತ್ತು. ಬಿಸಿಲಿಗೇ ನೀರಡಿಕೆಯಾಗಿದೆ ಅನ್ನುವುದು ಮಗಳ ಮಾತಿನಿಂದ ಅಲ್ಲ, ತಾಯಿಯ ಆ ತಡದಿಂದ ತಿಳಿಯುತ್ತಿತ್ತು.

ಹಾಡಿನ ಜೊತೆ ಆರತಿ ಹೇಳಿಯೂ ಕಳಿಸಿದ್ದಳು: “ಹಿಂದ ಹಾಡಿದಾಕಿ ನಮ್ಮವ್ವ ಹೀರಾಬಾಯಿರಿ. ನಮ್ಮ ಮನ್ಯಾಗ ಯಾರರೆ ಹಾಡಿದ್ರ ಇನ್ನೊಬ್ರು ಸೊಲ್ಲ ಹಿಡೀಬೇಕ್ರಿ. ಇಲ್ಲಂದ್ರ ಹಾಡು ಬಿದ್ದ ಹೋಗ್ತದ ಅಂತಾಳ ಅವ್ವ. ಇರಲಿ ಏನ್ರಿ ಅಕ್ಕಾ, ಬ್ಯಾಡೇನ್ರಿ?”

ಮಂಜಿರಿ ಇನ್ನೊಮ್ಮೆ ಕೇಳಿದಳು. ಎರಡನೆಯ ಸಲ ಮೈ ಜುಮ್ಮೆನ್ನುವ ಮೊದಲೇ ತನ್ನ ಹಾಡು ನೆನಪಾಯಿತು. ಇದು ಗುಂಪಿಗೆ ಬಂದರೆ ಕುಕ್ಕರಿನ ಹಾಡು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅವಳು ಕೂತು ಉತ್ತರ ಬರೆದಳು: ‘ನಿನ್ನ ದನಿ ಛಲೋ ಅದ. ಹಿಂದಿನ ದನಿ ಶ್ರುತಿಗೆ ಕೂತಿಲ್ಲ. ತಾಳಕ್ಕೆ ತಡವಾಗಿ ಬರುತ್ತದೆ. ಒಡಕು ಕೇಳಿಸುತ್ತದೆ. ತೆಗೆದು, ನೀನೊಬ್ಬಳೇ ಹಾಡು.’

ಒಂದಕ್ಷರವೂ ಸುಳ್ಳಲ್ಲ. ಅದೇ ನೋಡಿ ಅದರ ಹೊಲಸು. ಸುಳ್ಳು ಹೇಳಿದವರು ಮುಂದೆಂದೋ ಸಿಕ್ಕಿಬೀಳುತ್ತಾರೆ. ಖರೆ ಮಾತನ್ನೇ ಆರಿಸಿ ಆರಿಸಿ ಕಲ್ಲಿನ ಹಾಗೆ ಎಸೆದವರನ್ನು ಯಾವ ಪಂಚರು ಹಿಡಿಯುತ್ತಾರೆ? ನೇಮದಂತೆ ತನ್ನ ಫೋನಿನಲ್ಲಿದ್ದ ಹಾಡನ್ನು ಅವಳು ಆಗಲೇ ಅಳಿಸಿದಳು. ನೇಮದ ಮೇಲಿನ ಭಕ್ತಿಗಲ್ಲ, ಇನ್ನೊಮ್ಮೆ ಕೇಳಿದರೆ ಮನಸ್ಸು ಬದಲಾದೀತೆಂದು.

ಆರತಿ ತಿದ್ದಿದ ಹಾಡು ಗುಂಪಿಗೆ ಬಂತು. ‘ಛಲೋ ಅದರಿ’ ಎಂದರು, ಮುಂದೆ ಹೋದರು. ಮತ ಬಿದ್ದದ್ದು ಕುಕ್ಕರಿನ ಹಾಡಿಗೆ.

ಪರಾಗನಿಗೆ ಹಿಗ್ಗೋ ಹಿಗ್ಗು. ಬೀದರ ಪಕ್ಕದ ಕೊಳಾರದ ಔಷಧಿ ಕಾರ್ಖಾನೆಯಲ್ಲಿ ಅವನು ಮಾಲು ಕಟ್ಟುವ ವಿಭಾಗದ ಮೇಲ್ವಿಚಾರಕ. ಪಾಳಿಯವರಿಗೆಲ್ಲ ಪೇಢೆ ಹಂಚಿ ಬಂದ. “ನನ್ನ ಹೆಂಡ್ತಿ ಹಾಡ ಮಾಡ್ಯಾಳ, ನಿಮ್ಮ ಹೆಂಡ್ತೇರು ಬರೇ ಕುಕ್ಕರ ಕೂಗಸ್ತಾರ ಅಂತ ಹೇಳಿ ಬಂದೇನಿ ನೋಡು,” ಎಂದು ನಕ್ಕ. ಉಳಿದದ್ದೊಂದು ಪೇಢೆಯನ್ನು ಅವಳ ಬಾಯಿಗೆ ಹಿಡಿದ.

ಮಂಜಿರಿ ಅರ್ಧ ಕಚ್ಚಿ, ಉಳಿದದ್ದನ್ನು ತಟ್ಟೆಯಲ್ಲಿಟ್ಟಳು. “ಹೀರಾಬಾಯಿ ಅಂದ್ರ ಯಾರು?” ಎಂದು ಅವನು ಕೇಳಿದಾಗ ಬೆಚ್ಚಿಬಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, “ಯಾಕ್ರಿ? ಯಾರು ಏನ ಹೇಳಿದ್ರು?” ಎಂದಳು.

“ಯಾರ ಏನ ಹೇಳ್ತಾರ? ನೀನೇ ರಾತ್ರಿ ನಿದ್ದ್ಯಾಗ ಅಂದಿ.”

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾಚಿಕೆಯಾಗುತ್ತಿತ್ತು. ಹೇಳಿಬಿಟ್ಟರೆ ಹಗುರಾದೀತು ಎಂದೂ ಅನ್ನಿಸಿತು. ಆದರೆ ಹೇಳಿದರೆ ಹಾಡು ಹೋಗುತ್ತದೆ. ಇಷ್ಟು ವರ್ಷಕ್ಕೆ ಕೈಗೆ ಬಂದ ತುತ್ತು. ಭಾಲ್ಕಿಯಿಂದ ಬಂದಮೇಲೆ ಆರತಿಯ ಮುಂದಿನ ಹಾಡಿಗೆ ಜೀವ ತೇದು ಸಹಾಯ ಮಾಡಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಪ್ಪು ಮಾಡಿದವರ ಹತ್ತಿರ ಇಂಥ ಸಮಾಧಾನಗಳು ಯಾವಾಗಲೂ ದಂಡಿಯಾಗಿರುತ್ತವೆ.

ಭಾನುವಾರ ಭಾಲ್ಕಿಯಲ್ಲಿ ಅಂಗಡಿಯ ಅಟ್ಟ ತುಂಬಿತ್ತು. ಬೀದರದ ನರ್ಸು ತಹಮೀನಾ ಡೋಲಕ್ ತಂದಿದ್ದಳು. ಆಶೀಷ ತಂತಿ ಬಿಗಿಯುತ್ತ, ಚಹಾಕ್ಕೆ ಕೂಗುತ್ತ ಓಡಾಡುತ್ತಿದ್ದ. ಚೀಲಗಳು ಹೋಗಿ ಎಷ್ಟೋ ದಿನವಾದರೂ ಕೋಣೆಗೆ ಇನ್ನೂ ತೊಗರಿಯ ವಾಸನೆ ಇತ್ತು. ಮಂಜಿರಿ ಮನಸ್ಸಿನಲ್ಲಿ ಆರಿಸಿಟ್ಟ ಸೀರೆಯನ್ನೇ ಉಟ್ಟು ಬಂದಿದ್ದಳು.

ಬಾಗಿಲಲ್ಲಿ ತೆಳ್ಳಗಿನ ಹುಡುಗಿಯೊಬ್ಬಳು ಬಂದು ನಿಂತು, ಮಂಜಿರಿಯ ಕಾಲಿಗೆ ಬಗ್ಗಿದಳು. “ನಾ ಆರತಿರಿ ಅಕ್ಕಾ. ನಿಮ್ಮ ಹಾಡಿಗಿ ಹಿಂದ ಹಾಡ್ಲಿಕ್ಕಿ ಬಂದೇನಿ. ಅವ್ವ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಂದಾಳ, ನಿಮಗಂತ.”

“ಅವ್ವನೂ ಬಂದಾರ? ಎಲ್ಲಿ?”

“ಕೆಳಗ ಪಾವಟಿಗಿ ಮ್ಯಾಲ ಕುಂತಾಳ್ರಿ. ಮ್ಯಾಲ ಒಲ್ಲೆ ಅಂದ್ಲು.”

ಮಂಜಿರಿ ಇಳಿದು ಹೋದಳು. ಕೆಳಗಿನ ಮೆಟ್ಟಿಲ ಮೇಲೆ, ಹಣೆತುಂಬ ಕುಂಕುಮದ, ಬಿಸಿಲಿಗೆ ಕಪ್ಪಾದ ಹೆಂಗಸೊಬ್ಬಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಂಜಿರಿಯನ್ನು ಕಂಡದ್ದೇ ಎದ್ದು ನಿಂತಳು.

“ಮ್ಯಾಲ ಬರ್ರಿ ಅವ್ವಾ.”

“ಬ್ಯಾಡ್ರಿ ಬಾಯಿ. ನನಗ ಕೆಮ್ಮ ಅದ. ಮಶೀನ್ದಾಗ ಬಿದ್ದಗಿದ್ದೀತು.”

“ಬಿದ್ರ ಏನಾತ್ರಿ?”

“ಮಗಳ ಹಾಡ ಕೆಡಸಿದ್ದು ಸಾಕಾತಲ್ರಿ, ನಿಮ್ದೂ ಕೆಡಸಲ್ಯಾ?” ಹೀರಾಬಾಯಿ ನಕ್ಕಳು. ನಗುವಾಗಲೂ ಸೆರಗು ಬಾಯಿಗಿತ್ತು. “ನನಗ ಗೊತ್ತೇ ಇರಲಿಲ್ಲ ನೋಡ್ರಿ. ಹೊಲದಾಗ ಹಾಡೇನಿ, ಲಗ್ನದಾಗ ಹಾಡೇನಿ, ಕೂಸಿಗಿ ಹಾಡೇನಿ. ದನಿ ಒಡದದ ಅಂತ ಒಬ್ರೂ ಹೇಳಲಿಲ್ಲ. ಹಿಂದ ಎಷ್ಟ ಮಂದಿ ನಕ್ಕಾರೋ ಏನೋ. ಮೊನ್ನಿ ಅಣ್ಣನ ಮನ್ಯಾಗ ಅರಿಶಿಣಕ್ಕ ಹಾಡು ಅಂದ್ರು, ನಾ ಒಲ್ಲೆ ಅಂದೆ. ನೀವು ಹೇಳಿದ್ದು ಛಲೋ ಆತ್ರಿ ಬಾಯಿ, ತಿಳಿದವ್ರೇ ಹೇಳಬೇಕು.”

ಮಂಜಿರಿ ಅಂದುಕೊಂಡದ್ದು ಒಂದು ಹಾಡು ಕೊಂದೆ ಎಂದು. ಈ ಹೆಂಗಸು ಹಾಡುವುದನ್ನೇ ಬಿಟ್ಟಿದ್ದಳು, ಬಿಟ್ಟದ್ದಕ್ಕೆ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು.

ಮೇಲೆ ಆಶೀಷ ಕರೆದ. ಮಂಜಿರಿ ಹೋಗಿ ಮೈಕಿನ ಮುಂದೆ ನಿಂತಳು. ತಹಮೀನಾಳ ಡೋಲಕ್ ಶುರುವಾಯಿತು. ಹಿಂದೆ ಸಾಲಾಗಿ ನಿಂತವರಲ್ಲಿ ಆರತಿ ಅವಳನ್ನೇ ನೋಡುತ್ತ, ಅವಳ ಜೊತೆ ಉಸಿರು ತೆಗೆದುಕೊಳ್ಳಲು ಕಾಯುತ್ತಿದ್ದಳು. ಹಾಡಬೇಕಾದ ಜಾಗ ಬಂತು, ದಾಟಿತು.

“ನಿಲ್ಲಸೋ ಆಶೀಷ,” ಎಂದಳು ಮಂಜಿರಿ. “ಈ ಹಾಡು ಆಗೋದು ಬ್ಯಾಡ.”

“ಯಾಕ ಅಕ್ಕಾ? ಏನಾತು?”

ಅವಳು ಹೇಳಿದಳು. ಸುತ್ತಿ ಬಳಸಲು ಹೋಗಲಿಲ್ಲ, ಅಳಲೂ ಇಲ್ಲ. “ಆರತಿ ಮೊದಲ ಕಳಿಸಿದ ಹಾಡಿನ್ಯಾಗ ಅವರವ್ವನ ದನಿ ಇತ್ತು. ಅಂಥಾದ್ದು ಈ ಗುಂಪಿನ್ಯಾಗ ಯಾರೂ ಹಾಡಿಲ್ಲ. ನನಗ ಗೊತ್ತಿತ್ತು. ಅದು ಬಂದ್ರ ನಂದು ಹೋಗ್ತದ ಅಂತ ತಗಸಿದೆ. ಶ್ರುತಿ, ತಾಳ ಅಂತ ನೆವ ಹೇಳಿದೆ. ಹೊಟ್ಟಿಕಿಚ್ಚು ಅದು, ಬ್ಯಾರೆ ಏನೂ ಅಲ್ಲ.”

ಡೋಲಕ್ಕಿನ ಮೇಲೆ ತಹಮೀನಾಳ ಕೈ ಹಾಗೇ ನಿಂತಿತ್ತು. ಆಶೀಷ ಒಮ್ಮೆ ಮಂಜಿರಿಯನ್ನು, ಒಮ್ಮೆ ಆರತಿಯನ್ನು ನೋಡಿದ. ಆರತಿಯ ಮುಖ ಕೆಂಪಾಗಿತ್ತು.

“ನೀವು ನನಗ ಬರದು ಕಳಿಸಿದ್ರಿ ಅಕ್ಕಾ,” ಎಂದಳು. “ಅವ್ವಗ ಓದಲಿಕ್ಕಿ ಬರೂದಿಲ್ಲ. ಹಿಂದ ಕುಂದ್ರಬ್ಯಾಡವ್ವಾ, ನಿನ್ನ ದನಿ ಒಡದದ ಅಂತ ನಾ ಹೇಳೇನಿ. ನನ್ನ ಬಾಯೀಲೆ. ಆಕಿ ಎದ್ದು ಕುರಿ ಕಡಿ ಹೋದ್ಲು. ಈಗ ನೀವು ಇಲ್ಲಿ ನಿಂತು ಹೇಳಿದ್ರಿ, ಹಗುರಾದ್ರಿ. ನಾ ಯಾರ ಮುಂದ ಹೇಳ್ಲಿ?”

ತನ್ನ ತಪ್ಪನ್ನು ಈ ಹುಡುಗಿಯ ಕೈಯಲ್ಲಿ ಮಾಡಿಸಿದ್ದೇನೆ ಎಂಬುದು ಮಂಜಿರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಕೊನೆಗೆ ಆಶೀಷನೇ, “ಆ ಮೊದಲಿನ ಹಾಡು ಅದ ಏನು ಯಾರ ಹಂತ್ಯಾಕರೆ?” ಎಂದು ಕೇಳಿದ.

“ನೇಮ ಅದಲ್ರಿ. ಅಳಿಸೇನಿ,” ಎಂದಳು ಆರತಿ. ಮಂಜಿರಿ ತಲೆಯಾಡಿಸಿದಳು. ಅವಳ ಹತ್ತಿರವೂ ಇರಲಿಲ್ಲ.

“ಹಾಂಗಾದ್ರ ಹೊಸಾದು ಹಿಡಿಯೋಣು. ಅವ್ವ ಕೆಳಗೇ ಇದ್ದಾರಲ್ಲ. ಮಂಜಿರಿ ಅಕ್ಕಾ, ನಿಮ್ಮ ಪಾಳಿ ಇವರಿಗಿ ಕೊಡ್ತೀರಿ?”

“ಕೊಟ್ಟೆ,” ಎಂದಳು ಮಂಜಿರಿ. ಹೇಳುವಾಗ ಸಂಕಟವಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಆ ಸಂಕಟದ ಒಳಗೇ ಸಣ್ಣದೊಂದು ಆಸೆಯೂ ಚಿಗುರಿತು. ಕೆಟ್ಟದ್ದು ಇನ್ನೂ ಸರಿಯಾದೀತು. ಆ ದನಿ ಇಲ್ಲೇ ಇದೆ, ಹನ್ನೆರಡು ಮೆಟ್ಟಿಲ ಕೆಳಗೆ.

ಹೀರಾಬಾಯಿಯನ್ನು ಮೇಲೆ ಕರೆತರಲು ಸಾಕುಸಾಕಾಯಿತು. ಮಂಜಿರಿ ಅವಳ ಎರಡೂ ಕೈ ಹಿಡಿದು ಇನ್ನೊಮ್ಮೆ ಎಲ್ಲ ಹೇಳಿದಳು. “ನಾ ಖೊಟ್ಟಿ ಹೇಳಿದ್ದೆ ಅವ್ವಾ. ನಿಮ್ಮ ದನೀನೇ ಆ ಹಾಡಿನ ಜೀವ. ಮೊದಲ ಹ್ಯಾಂಗ ಹಾಡಿದ್ರಿ, ಹಾಂಗೇ ಹಾಡ್ರಿ.”

ಹೀರಾಬಾಯಿ ಅವಳ ಗಲ್ಲ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದಳು. “ದೊಡ್ಡ ಮನಸಿನಾಕಿ ನೀನು. ಬಡವ್ರ ಮನಸ ನೋಯಬಾರದಂತ ತಪ್ಪ ನಿನ್ನ ಮ್ಯಾಲ ಹಾಕೋತಿ,” ಎಂದಳು. ಮಂಜಿರಿ ಎಷ್ಟು ಆಣೆ ಮಾಡಿದರೂ ಅವಳು ನಂಬಲಿಲ್ಲ. ಆದರೆ ಮಗಳ ಹಾಡಿಗಾಗಿ ಬಂದು ಕೂತಳು.

ಆರತಿ ಹಾಡಿದಳು. ‘ಬಿಸಲು ಬಂದು ಬಾಜೂಕ ಕುಂತು ನೀರು ಕೇಳೀತ’ ಎಂದು ನಿಲ್ಲಿಸಿದಳು. ಹೀರಾಬಾಯಿ ಮಂಡಿಯ ಮೇಲೆ ಬೆರಳಿನಿಂದ ತಾಳ ಎಣಿಸುತ್ತಿದ್ದಳು. “ಕೇಳೀತ” ಎಂದಳು. ತಾಳಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ತಡವಿಲ್ಲದೆ. ದನಿಯನ್ನು ಗಂಟಲಿನಲ್ಲೇ ಹಿಚುಕಿ, ಒಡಕು ಹೊರಗೆ ಕೇಳಿಸದಷ್ಟು ಸಣ್ಣದು ಮಾಡಿಕೊಂಡಿದ್ದಳು. ಹಾಡು ಮುಗಿಯುವವರೆಗೂ ಹಾಗೆಯೇ ಹಾಡಿದಳು, ಎಲ್ಲಿಯೂ ತಪ್ಪಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಕೂತು ರೂಢಿ ಮಾಡಿರಬೇಕು.

“ವಾಹ್ ಅವ್ವಾ, ಶಾಭಾಶ್!” ಎಂದ ಆಶೀಷ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲಿನ ಹಾಡು ಕೇಳಿದವರು ಅಲ್ಲಿ ಯಾರೂ ಇರಲಿಲ್ಲ, ಮಂಜಿರಿ, ಆರತಿ ಇಬ್ಬರನ್ನು ಬಿಟ್ಟು. ಆರತಿ ತಲೆ ಬಗ್ಗಿಸಿ ನಿಂತಿದ್ದಳು.

ಹೀರಾಬಾಯಿ ಚಪ್ಪಾಳೆಯವರ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. ಮಂಜಿರಿಯ ಮುಖವನ್ನೇ ನೋಡುತ್ತಿದ್ದಳು. “ಈ ಸಲ ತಡಾ ಆಗಲಿಲ್ಲಲ್ರಿ ಬಾಯಿ?” ಎಂದು ಕೇಳಿದಳು.

“ಇಲ್ಲ ಅವ್ವಾ,” ಎಂದಳು ಮಂಜಿರಿ. “ಆಗಲಿಲ್ಲ.”

ಹೀರಾಬಾಯಿಯ ಮುಖ ಅರಳಿತು. ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು, “ಬೇಕಂದ್ರ ದನಿ ಇನ್ನಾ ಸಣ್ಣ ಮಾಡ್ತೇನಿ, ಹೇಳ್ರಿ,” ಎಂದಳು.